ಗಾಜಿನ ತೊಟ್ಟಿಯ ಹಳೆಯ ನೀರು

ಕಂತು ಏಳು

ನೊರೆ ಬಂತು.

ಮೀನಿನ ತೊಟ್ಟಿಯ ನೀರಿಗೆ ಇಷ್ಟು ಬರಬಾರದಾಗಿತ್ತು. ಮಚ್ಚೇಂದ್ರ ಬಾಟಲಿಯನ್ನು ಬಿಸಿಲಿಗೆ ಹಿಡಿದು ಇನ್ನೊಮ್ಮೆ ಕುಲುಕಿದ. ಸಾಬೂನಿನ ದ್ರಾವಣ ಕೆಲವೇ ಹನಿ ಬಿದ್ದಿತ್ತು. ಅಷ್ಟಕ್ಕೇ ಬಾಟಲಿಯ ಕುತ್ತಿಗೆಯವರೆಗೆ ಬೆಳ್ಳಗೆ ನೊರೆ ಎದ್ದು, ಕರಗದೆ ನಿಂತುಬಿಟ್ಟಿತು.

"ಏನಂತದ ನಿಮ್ಮ ಬಾಟ್ಲಿ?" ಅಮೀನ ಮಹೆಬೂಬ ಅಲಿ ಜರ್ದಾ ಪಾನನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸುತ್ತ ಕೇಳಿದ. ಹುಮನಾಬಾದ ಠಾಣೆಯ ಅಮೀನನಿಗೆ ಕಲ್ಯಾಣಿ ಊರಿನ ಬಿಸಿಲು ಸೇರುತ್ತಿರಲಿಲ್ಲ. ಅಂಗಳದ ಬೇವಿನ ಮರದ ನೆರಳು ಸರಿದಂತೆಲ್ಲ ಅವನ ಕುರ್ಚಿಯೂ ಸರಿಯುತ್ತಿತ್ತು.

"ನೀರು ಮೆತ್ತಗ ಅದ ಅಂತದ್ರಿ."

"ನೀರು ಮತ್ತ ಕಲ್ಲಿನಂಗ ಇರ್ತದೇನು?"

"ಇರ್ತದ್ರಿ. ಸುಣ್ಣ ಇದ್ದ ನೀರು ಗಡಸು. ಅದರಾಗ ಸಾಬೂನು ನೊರೆ ಬಿಡೂದಿಲ್ಲ, ಬ್ಯಾಳಿ ಬೇಯೂದಿಲ್ಲ. ಇದು ಹಂಗಿಲ್ಲ. ಛಲೋ ನೀರು."

"ಬಸ್." ಅಮೀನ ತೊಡೆ ತಟ್ಟಿಕೊಂಡ. "ನೀರು ಛಲೋ ಅಂದ್ರ ನನ್ನ ಮೀನ ಸತ್ತಿದ್ದು ಕಷಾಯಕ್ಕ. ಕಷಾಯ ಕಾಸಿದಾಕಿ ಗಯಾಬಾಯಿ. ಕಿಸ್ಸಾ ಖತಂ. ಸಂಜೀ ಬಸ್ಸಿಗೆ ಬೀದರಕ್ಕ ಹೋಗ್ಲಿ."

ಈ ದೇಶಮುಖ ವಾಡೆಯ ಹಿರಿಯಾಕೆ ಜೀಜಾಬಾಯಿ, ಅಡುಗೆಯ ಗಯಾಬಾಯಿ ಕೊಟ್ಟ ಕಷಾಯ ಕುಡಿದು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅಮೀನ ಬರುವಷ್ಟರಲ್ಲಿ ದಹನ ಮುಗಿದಿತ್ತು. ಪರೀಕ್ಷೆಗೆ ಉಳಿದದ್ದು ಚಂಬಿನ ತಳದ ಕಷಾಯ. ಅದಕ್ಕೆ ಅವನು ತನ್ನದೇ ಒಂದು ಉಪಾಯ ಹೂಡಿದ. ತ್ರಿಪುರಾಂತ ಕೆರೆಯಿಂದ ಜೀವಂತ ಮೀನು ತರಿಸಿದ. ಪಡಸಾಲೆಯ ಗಾಜಿನ ತೊಟ್ಟಿಯ ನೀರನ್ನು ಬೋಗುಣಿಗೆ ತುಂಬಿಸಿದ. ಅಲ್ಲಿ ಬಂಗಾರದ ಬಣ್ಣದ ಮೀನುಗಳು ವರ್ಷಗಟ್ಟಲೆ ಬದುಕಿವೆಯೆಂದ ಮೇಲೆ ಅದಕ್ಕಿಂತ ಒಳ್ಳೆಯ ನೀರು ಮೀನಿಗೆ ಯಾವುದು? ಕೆರೆಯ ಮೀನು ಬಿಟ್ಟು, ಕಷಾಯ ಸುರಿದ. ಮರುದಿನ ಅವು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಆ ಸತ್ತ ಮೀನುಗಳೇ ಗಯಾಬಾಯಿಯ ಕೊರಳಿಗೆ ಬಿದ್ದ ಹಗ್ಗ. ಬೇರೆ ಸಾಕ್ಷಿ ಇರಲಿಲ್ಲ; ಆದರೂ ಅವಳಾಗಲೇ ಹುಮನಾಬಾದ ಠಾಣೆಯ ಕಂಬಿಗಳ ಹಿಂದಿದ್ದಳು. ಬೀದರದ ದೊಡ್ಡ ಜೈಲಿಗೆ ಹೋದ ಬಡ ಹೆಂಗಸಿನ ಪರವಾಗಿ ಅಲ್ಲಿ ಮಾತಾಡುವವರೂ ಇರುವುದಿಲ್ಲ.

ಮಚ್ಚೇಂದ್ರ ಆರೋಗ್ಯ ಇಲಾಖೆಯ ಬಾವಿ ಇನ್ಸ್‌ಪೆಕ್ಟರ, ತೊಟ್ಟಿಯ ನೀರು ಪರೀಕ್ಷಿಸಲು ಬಂದವನು. ಕಾಲರಾ ಬಂದಾಗ ಬಾವಿಗೆ ಕೆಂಪು ಪುಡಿ ಹಾಕುವುದು, ನಾರುಹುಣ್ಣಿನ ಊರುಗಳಲ್ಲಿ ನೀರು ಸೋಸಿ ನೋಡುವುದು ಅವನ ಕೆಲಸ. ಅವನ ಮರದ ಪೆಟ್ಟಿಗೆಯಲ್ಲಿ ಸೀಸೆಗಳಿದ್ದವು, ಕಾಗದಗಳಿದ್ದವು, ಸರಕಾರದ ಮುದ್ರೆಯಿತ್ತು. ಆದರೂ ಯಾವ ಬಾವಿಗೂ ಅವನು ತಾನೇ ಕೊಡ ಇಳಿಬಿಟ್ಟವನಲ್ಲ. ಊರವರು ಯಾರಾದರೂ ಸೇದಿ, ಒಂದು ಗೇಣು ಮೇಲಿನಿಂದ ಅವನ ಬಾಟಲಿಗೆ ಸುರಿಯುತ್ತಿದ್ದರು. ಅವನು ಹುಟ್ಟಿದ ಕೇರಿ ಯಾವುದೆಂದು ಅವನ ಮುದ್ರೆಗಿಂತ ಮೊದಲೇ ಊರಿಗೆ ಗೊತ್ತಾಗಿರುತ್ತಿತ್ತು.

ಔರಂಗಾಬಾದಿನ ಹಾಸ್ಟೆಲಿನಲ್ಲಿ ಅವನು ಓದಿದ್ದು ಪಾಠಕ್ಕಿಂತ ಹೆಚ್ಚಾಗಿ ಮರಾಠಿಗೆ ಇಳಿದ ವಿಲಾಯತಿ ಪತ್ತೇದಾರಿ ಕಥೆಗಳನ್ನು. ಆ ಪತ್ತೇದಾರರು ಯಾರ ಮನೆಗಾದರೂ ನುಗ್ಗುತ್ತಿದ್ದರು, ಯಾವ ಲೋಟವನ್ನಾದರೂ ಎತ್ತಿ ಮೂಸುತ್ತಿದ್ದರು. ಪಡಸಾಲೆಯ ಕಂಬದ ಆಚೆಗೇ ನಿಂತುಕೊಳ್ಳಬೇಕಾದ ಪತ್ತೇದಾರ ಅವುಗಳಲ್ಲಿ ಒಬ್ಬನೂ ಇರಲಿಲ್ಲ.

ಇವತ್ತೂ ಅವನು ಕಂಬದ ಆಚೆಗೆ, ಅಂಗಳದಲ್ಲೇ ಇದ್ದ. ತೊಟ್ಟಿ ಒಳಗೆ, ಪಡಸಾಲೆಯ ಮೂಲೆಯ ಕಲ್ಲಿನ ಮೇಲೆ. ಕಬ್ಬಿಣದ ಚೌಕಟ್ಟು, ನಾಲ್ಕೂ ಕಡೆ ಗಾಜು. ಕಿಟಕಿಯ ಬಿಸಿಲು ಓರೆಯಾಗಿ ಅದರ ಮೇಲೆ ಬಿದ್ದಾಗ ಅವನ ಕಣ್ಣು ಅಲ್ಲೇ ಸಿಕ್ಕಿಕೊಂಡಿತು.

ಗಾಜಿನ ಒಳಮೈಗೆ, ನೀರಿನ ಮಟ್ಟದುದ್ದಕ್ಕೂ, ಬೆಳ್ಳಗಿನ ಪದರು ಕಟ್ಟಿತ್ತು. ಹಳೆಯ ಸುಣ್ಣದ ಡಬ್ಬಿಯ ಬಾಯಿಗೆ ಕಟ್ಟುವಂಥ ಹೆಕ್ಕಳ.

ಅವನು ಕೈಯಲ್ಲಿದ್ದ ನೊರೆ ನೋಡಿದ. ಮತ್ತೆ ಆ ಹೆಕ್ಕಳ ನೋಡಿದ. ಎರಡೂ ಒಂದೇ ನೀರಿನವಾಗಲು ಸಾಧ್ಯವಿಲ್ಲ.

"ಬಾಯಿಸಾಬ್," ಎಂದು ಒಳಬಾಗಿಲತ್ತ ಕೂಗಿದ, "ಒಂದು ಮಾತು ಕೇಳ್ಬೇಕ್ರಿ."

ಯಶೋದಾಬಾಯಿ ಬಾಗಿಲ ಚೌಕಟ್ಟಿನವರೆಗೆ ಬಂದಳು. ಜೀಜಾಬಾಯಿಯ ಸೊಸೆ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಸೆರಗು ಹಣೆಯವರೆಗೆ ಇಳಿದಿತ್ತು, ದನಿ ಮಾತ್ರ ಅಳುಕಿನದಲ್ಲ.

"ಕೇಳ್ರಿ."

"ಈ ಗಾಜಿನ ಹೌಜಿನ ನೀರು ಯಾವಾಗ ಬದಲಿ ಮಾಡ್ತೀರಿ?"

"ಮಾಡೂದಿಲ್ಲ."

"ಅಂದ್ರ?"

"ಅವರು ಇದನ್ನ ಮುಂಬೈಲಿಂದ ತಂದು, ತಾವಽ ಬಿಂದಿಗಿ ಹೊತ್ತು ತುಂಬಿದ್ರು. ಅದಽ ತಿಂಗಳು ಹೋಗಿಬಿಟ್ರು." ಅವಳು ಗಂಡ ತುಳಜಾರಾಮನ ಹೆಸರು ಹೇಳಲಿಲ್ಲ. "ಅವರು ತುಂಬಿದ ನೀರು ನಾ ಚೆಲ್ಲಂಗಿಲ್ಲ. ಕಡಿಮಿ ಆದಷ್ಟು ಮ್ಯಾಲ ಹಾಕ್ತೀವಿ, ಅಷ್ಟಽ."

"ಯಾವ ಬಾವೀದು?"

"ಹಿತ್ತಲ ಬಾವೀದು. ಕುಡಿಯಾಕ ಅದು ಬರೂದಿಲ್ಲ, ಸವಳು. ಕುಡಿಯೂದು ಕೋಟೆ ಕಡೀ ಸಿಹಿ ಬಾವೀದು, ತಾಮ್ರದ ಹಂಡೆದಾಗ ಇರ್ತದ."

ಮಚ್ಚೇಂದ್ರ ಬಾಟಲಿಯನ್ನು ಮೂಗಿಗೆ ಹಿಡಿದ. ಪಾಚಿಯ ವಾಸನೆ ಇಲ್ಲ, ಮೀನಿನ ವಾಸನೆ ಇಲ್ಲ. ತಾಮ್ರದ ಘಾಟು ಮಾತ್ರ ಸಣ್ಣಗೆ ತಾಗಿತು.

"ನನಗ ಈ ನೀರು ತಂದುಕೊಟ್ಟವರು ಯಾರು?"

"ನಾನಽ." ದತ್ತಾತ್ರಿ ಪಡಸಾಲೆಯ ಜೋಕಾಲಿಯಿಂದ ಇಳಿಯದೆಯೇ ಉತ್ತರಿಸಿದ. ಜೀಜಾಬಾಯಿಯ ತಮ್ಮನ ಮಗ. ತುಳಜಾರಾಮ ಹೋದ ಮೇಲೆ ಬಂದು ವಾಡೆಯ ವ್ಯವಹಾರ ಕೈಗೆ ತೆಗೆದುಕೊಂಡವನು. ಬಾಚಿದ ಕೂದಲು, ಇಸ್ತ್ರಿ ಕೆಡದ ಅಂಗಿ. "ಯಾಕ್ರಿ?"

"ಹೌಜಿನಾಗಿಂದಽ ತಂದ್ರೇನ್ರಿ?"

"ಇಲ್ಲ, ಗಂಗಾ ನದಿಗೆ ಹೋಗಿ ತಂದೆ." ದತ್ತಾತ್ರಿ ಅಮೀನನತ್ತ ನೋಡಿ ನಕ್ಕ. "ಸಾಬ್, ಇವರ ಇಲಾಖೆಯವರು ಬಾವಿಗೊಮ್ಮೆ ಹಿಂಗಽ ಜಗಳ ತೆಗೀತಾರೇನು?"

"ಈ ನೀರು ಹಂಡೆದಾಗಿಂದು," ಎಂದ ಮಚ್ಚೇಂದ್ರ. "ಹೌಜಿನ ಗ್ಲಾಸಿಗೆ ಬೆರಳ ದಪ್ಪ ಸುಣ್ಣ ಕಟ್ಯದ. ಸವಳು ನೀರು ಹಾಕೂದು, ಅದು ಬಿಸಲಿಗೆ ಆರೂದು, ಮತ್ತ ಹಾಕೂದು. ಆರಿ ಹೋಗೂದು ನೀರು ಅಷ್ಟಽ, ಸುಣ್ಣ ಎಲ್ಲಿಗೆ ಹೋಗ್ತದ್ರಿ? ಅಂಥಾ ಹೌಜಿನಾಗ ಸಾಬೂನು ನೊರೆ ಬಿಡ್ತದ ಅಂದ್ರ ನಾ ಈ ಪೆಟ್ಟಿಗಿ ಕೆರಿಗೆ ಒಗೀತೀನಿ."

ಜೋಕಾಲಿಯ ಕೀಲು ಕಿರುಗುಟ್ಟುವುದು ನಿಂತಿತು.

"ಮೀನಿಗೆ ತ್ರಾಸ ಆಗಬಾರದು ಅಂತ ಹಂಡೆದಾಗಿಂದು ತಂದಿರಬಹುದು," ಎಂದ ದತ್ತಾತ್ರಿ, ದನಿ ಬದಲಾಯಿಸದೆ. "ನೆನಪಿಲ್ಲ. ನೀರು ನೀರಽ ಅಲ್ಲೇನು?"

"ಅರೆ ಭಾಯಿ!" ಅಮೀನ ಕುರ್ಚಿ ಬಿಟ್ಟೆದ್ದ. "ನೀರು ನೀರಽ ಅಂದ್ರ ಈ ಮನುಷ್ಯಾ ಪೆಟ್ಟಿಗಿ ಹೊತ್ಕೊಂಡು ಯಾಕ ಬಂದಾನ? ಮತ್ತೊಮ್ಮೆ ತರ್ರಿ, ನನ್ನ ಕಣ್ಣಿದುರಿಗೆ ತರ್ರಿ."

"ಬ್ಯಾಡ್ರಿ." ಮಚ್ಚೇಂದ್ರ ಎದ್ದು ನಿಂತ. ತಾನು ಹೇಳಹೊರಟ ಮಾತು ಈ ಕಂಬಗಳ ನಡುವೆ ಎಂದೂ ಹೇಳಲ್ಪಟ್ಟಿಲ್ಲವೆಂದು ಅವನಿಗೆ ಗೊತ್ತಿತ್ತು. "ಈ ಸಲ ನಾನಽ ತೆಗೀಬೇಕು."

"ಏನಂದಿ?" ದತ್ತಾತ್ರಿಯ ದನಿಯಲ್ಲಿದ್ದ 'ರಿ' ಎಲ್ಲೋ ಬಿದ್ದುಹೋಗಿತ್ತು. "ನೀ ಅದ್ದಿದ ನೀರು ಮತ್ತ ಈ ಪಡಸಾಲ್ಯಾಗ ಇಡಾಕ ಬರ್ತದೇನು? ವೈನಿ, ಕೇಳಾಕತ್ತೀರಿಲ್ಲೋ?"

"ಕೇಳಾಕತ್ತೀನಿ," ಎಂದಳು ಯಶೋದಾಬಾಯಿ. ಅವಳು ಮಚ್ಚೇಂದ್ರನತ್ತ ತಿರುಗಿದಳು. "ನಾ ತೆಗದು ಕೊಡ್ತೀನಿ. ನಿಮ್ಮ ಇದುರಿಗೇ ಚಂಬು ಅದ್ದತೀನಿ. ಆಗೂದಿಲ್ಲೇನು?"

"ಆಗೂದಿಲ್ರಿ. ಒಂದು ಸಲ ಈ ಮನಿ ಕೈ ಸುಳ್ಳು ನೀರು ಕೊಟ್ಟದ. ನಿಮ್ಮ ಕೈಲೆ ತೆಗದದ್ದು ನಿಮ್ಮ ಮನಿ ನೀರು. ನನ್ನ ಕೈಲೆ ತೆಗದದ್ದು ಸರಕಾರದ ನೀರು. ಬೀದರದಾಗ ಕೇಳ್ತಾರ, ತೆಗದವರು ಯಾರು ಅಂತ. ಆಗ ನಾ ಏನು ಹೇಳಲಿ?"

"ನಾ ತೆಗದ್ರೂ ಆಗೂದಿಲ್ಲ," ಅಮೀನ ಕೈ ಝಾಡಿಸಿದ. "ಗುನ್ಹೇ ಹಾಕಿದವ ನಾನಽ. ಮ್ಯಾಲ ಈ ಮನಿಗೆ ಬಂದಾಗಿಂದ ನನ್ನ ಚಹಾ ಒಡಕು ಪಿಂಗಾಣಿ ಕಪ್ಪಿನಾಗ ಬರಾಕತ್ತದ. ನನ್ನ ಕೈ ಏನು ಗುಲಾಬಿ ಹೂವೇನು?"

ಯಶೋದಾಬಾಯಿ ತೊಟ್ಟಿಯ ಹತ್ತಿರ ಹೋಗಿ ನಿಂತಳು. ದಪ್ಪನೆಯ ಮೀನೊಂದು ಅವಳ ನೆರಳಿನ ಕಡೆಗೆ ಬಾಯಿ ತೆರೆಯುತ್ತ ಮುಚ್ಚುತ್ತ ಬಂತು. ಊಟದ ಹೊತ್ತೆಂದು ತಿಳಿದಿರಬೇಕು.

"ಇದರಾಗ ನೀವು ಕೈ ಇಟ್ರ, ನಾ ಇದನ್ನ ಚೆಲ್ಲಬೇಕಾಗ್ತದ. ಮನಿ ರೀತಿ ಅದು."

"ಗೊತ್ತದ್ರಿ."

"ಗಯಾಬಾಯಿ ಉಳೀತಾಳೇನು?"

"ಅದು ನನಗ ಗೊತ್ತಿಲ್ರಿ. ನೀರು ಏನು ಹೇಳ್ತದ ಅದನ್ನ ಹೇಳ್ತೀನಿ. ಗಯಾಬಾಯಿ ವಿರುದ್ಧ ಹೇಳಿದ್ರ ಅದನ್ನೂ ಹೇಳ್ತೀನಿ."

ಅವಳು ಅವನನ್ನು ನೇರವಾಗಿ ನೋಡಿದಳು. ಇಂಥ ಉತ್ತರ ಅವಳು ನಿರೀಕ್ಷಿಸಿರಲಿಲ್ಲ. ಹೌದೆಂದಿದ್ದರೆ ಬಹುಶಃ ಅವಳು ಇಲ್ಲವೆನ್ನುತ್ತಿದ್ದಳು.

"ನಾ ಈ ಮನಿಗೆ ಬಂದಾಗ ನನಗ ಅಡಗಿ ಬರ್ತಿರಲಿಲ್ಲ," ಎಂದಳು. "ಅತ್ತಿಯವರು ಬೈತಿದ್ರು. ಗಯಾಬಾಯಿ ತಾ ಮಾಡಿ, ಸೊಸಿ ಮಾಡ್ಯಾಳ ಅಂತ ಹೇಳ್ತಿದ್ಲು. ನಾ ಕಲಿಯೂತನಕ." ತೊಟ್ಟಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ಅದ್ದ್ರಿ."

"ವೈನಿ!"

"ನೀ ಸುಮ್ನಿರು ದತ್ತಾತ್ರಿ. ಹಂಡೇಗೂ ಹೌಜಿಗೂ ಫರಕು ಗೊತ್ತಿಲ್ಲದವ ನೀ."

ಮಚ್ಚೇಂದ್ರ ಚಪ್ಪಲಿ ಬಿಟ್ಟು ಕಂಬ ದಾಟಿದ. ಹಾಸುಗಲ್ಲು ಅಂಗಳದ ನೆಲಕ್ಕಿಂತ ತಣ್ಣಗಿತ್ತು. ಅಂಗಿಯ ತೋಳು ಮಡಚಿ, ಬಾಟಲಿ ಹಿಡಿದ ಕೈಯನ್ನು ಮೊಣಕೈವರೆಗೆ ನೀರಿಗೆ ಇಳಿಸಿದ. ನೀರು ಬೆಚ್ಚಗಿತ್ತು, ತುಸು ಜಿಡ್ಡಾಗಿತ್ತು. ತಳದ ಮರಳಿನಲ್ಲಿ ಕಪ್ಪು ಕೆಸರು ಕೂತಿತ್ತು. ವರ್ಷಗಟ್ಟಲೆ ತಿನ್ನದೆ ಬಿಟ್ಟ ಹಿಟ್ಟು, ಮೀನಿನ ಹೇಲು, ಕೊಳೆತ ಎಲೆ. ಒಂದು ಮೀನು ಬಂದು ಅವನ ಮಣಿಕಟ್ಟನ್ನು ಮೂಸಿ, ಅಲ್ಲೇ ಉಳಿಯಿತು.

ಅಂಗಳಕ್ಕೆ ಬಂದು ಸಾಬೂನಿನ ದ್ರಾವಣ ಬಿಟ್ಟ. ಕುಲುಕಿದ. ನೊರೆ ಬರಲಿಲ್ಲ. ಇನ್ನಷ್ಟು ಬಿಟ್ಟ. ಹಾಲು ಒಡೆದಂತೆ ನೀರಿನಲ್ಲಿ ಬಿಳಿ ತುಣುಕುಗಳು ತೇಲಿದವು. ಸೀಸೆಯಲ್ಲಿದ್ದ ದ್ರಾವಣ ಅರ್ಧಕ್ಕಿಳಿದರೂ ನೊರೆಯ ಗುಳ್ಳೆಯೊಂದು ನಿಲ್ಲಲಿಲ್ಲ.

"ಈಗ ಕಲ್ಲಿನಂಗ ಆತು," ಎಂದ ಅಮೀನ, ಬಗ್ಗಿ ನೋಡುತ್ತ. "ಆದ್ರ ಸುಣ್ಣದ ನೀರಿಗೆ ಮೀನ ಸಾಯ್ತಾವೇನು? ನನ್ನ ಹೆಂಡತಿ ಊರಾಗ ಎಲ್ಲಾ ಬಾವಿ ಸವಳು. ಅಲ್ಲೂ ಮೀನ ಅವ."

"ಸುಣ್ಣ ಒಂದಽ ಇದ್ರ ಸಾಯ್ತಿದ್ದಿಲ್ಲೋ ಏನೋ. ಇನ್ನೊಂದು ನೋಡೂದದ. ಮತ್ತ ಸಾಬ್, ಕೆರೀಲಿಂದ ಇನ್ನೊಂದಿಷ್ಟು ಮೀನ ತರಸ್ರಿ. ಕೆರಿ ನೀರೂ ಒಂದು ಕೊಡ ಬೇಕು. ಕಷಾಯ ಉಳದದಲ್ಲ?"

"ಸೀಲ್ ಮಾಡಿ ಇಟ್ಟೀನಿ. ಸಬೂತು ಅದು."

"ಅದರಾಗ ಅರ್ಧಾ ಬೇಕು."

ಸಿಪಾಯಿ ಕೆರೆಗೆ ಹೋಗಿ ಬರುವಷ್ಟರಲ್ಲಿ ಮಚ್ಚೇಂದ್ರ ಅಂಗಳದಲ್ಲಿ ಮೂರು ಕಲ್ಲು ಹೂಡಿ, ತಾನೇ ಮತ್ತೆ ಅದ್ದಿ ತಂದ ತೊಟ್ಟಿಯ ನೀರನ್ನು ತನ್ನ ಅಲ್ಯುಮಿನಿಯಂ ಪಾತ್ರೆಯಲ್ಲಿ ಕಾಯಿಸಲು ಇಟ್ಟ. ಎರಡು ಬೋಗುಣಿಗಳನ್ನು ನೆರಳಿನಲ್ಲಿ ಇಡಿಸಿದ. ಒಂದರಲ್ಲಿ ತೊಟ್ಟಿಯ ನೀರು, ಮತ್ತೇನೂ ಇಲ್ಲ. ಇನ್ನೊಂದರಲ್ಲಿ ಕೆರೆಯ ನೀರು ಮತ್ತು ಕಷಾಯ. ಎರಡಕ್ಕೂ ಕೆರೆಯ ಮೀನು ಬಿಟ್ಟ. ಆಮೇಲೆ ಕೂತು ಬೆಂಕಿ ಊದಿದ.

ಪಾತ್ರೆಯ ನೀರು ಬತ್ತಿ ಬತ್ತಿ ತಳಕ್ಕೆ ಬಂತು. ಪೆಟ್ಟಿಗೆಯಿಂದ ಕಾಗದದ ಪಟ್ಟಿ ತೆಗೆದು ಆ ತಳದ ರಸದಲ್ಲಿ ನೆನೆಸಿ, ಒಲೆಯ ಕಲ್ಲಿನ ಮೇಲೆ ಒಣಗಿಸಿದ. ಒಂದು ತುದಿಗೆ ಕೆಂಡ ತಾಗಿಸಿದ.

ಕಾಗದ ಹೊತ್ತಿಕೊಳ್ಳಲಿಲ್ಲ. ಸುರ್ರೆಂದು ಕಿಡಿ ಉಗುಳುತ್ತ, ಹುಳು ಹರಿದಂತೆ ಕೆಂಪು ಗೆರೆಯೊಂದು ಅದರುದ್ದಕ್ಕೂ ಓಡಿಹೋಯಿತು.

"ಬಾರೂದು!" ಅಮೀನ ಎರಡು ಹೆಜ್ಜೆ ಹಿಂದೆ ಜಿಗಿದ. ಕೈ ಸೊಂಟಕ್ಕೆ ಹೋಯಿತು. "ಈ ಮನಿಯಾಗ ಬಾರೂದು! ಯಾ ಅಲ್ಲಾ, ಇದನ್ನ ನಾ ಮ್ಯಾಲಿನವರಿಗೆ ಹ್ಯಾಂಗ ಬರೀಲಿ?"

"ಬಾರೂದಲ್ರಿ, ಆ ಮದ್ದಿನಾಗ ಬೀಳೂ ಪೆಟ್ಲುಪ್ಪು." ಮಚ್ಚೇಂದ್ರನಿಗೆ ನಗು ತಡೆಯುವುದು ಕಷ್ಟವಾಯಿತು. "ಹಳೇ ದನದ ಕೊಟ್ಟಿಗಿ ಗ್ವಾಡಿಗೆ ಬೆಳ್ಳಗ ಏಳ್ತದ ನೋಡ್ರಿ, ನಾಲಿಗಿಗೆ ಹಚ್ಚಿದ್ರ ತಂಪು ಅನಸ್ತದ? ಅದರ ಬಳಗಽ ಇದು. ಸಗಣಿ, ಉಚ್ಚಿ ಕೊಳತು ಕೊಳತು ಆಗೂದು. ಮೀನೂ ತಿಂತಾವ, ಹೇಲ್ತಾವ. ಹೌಜಿನಾಗಿಂದ ಅದು ಎಲ್ಲಿಗೆ ಹೋಗ್ಬೇಕು? ನೀರು ತೆಗದು ಚೆಲ್ಲಿದ್ರ ಹೋಗ್ತದ. ಇಲ್ಲಿ ಚೆಲ್ಲೇ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಯಶೋದಾಬಾಯಿಯ ಕೈ ಸೆರಗನ್ನು ಹಿಂಡಿತು. ಮಚ್ಚೇಂದ್ರ ಆ ಮಾತನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದಿತ್ತೆಂದುಕೊಂಡ.

"ಠೈರೊ, ಠೈರೊ." ಅಮೀನ ಸುಟ್ಟ ಕಾಗದವನ್ನು ಬೂಟಿನಿಂದ ಒತ್ತಿದ. "ಅಷ್ಟು ಕೆಟ್ಟ ನೀರಾಗಿದ್ರ ಆ ದಪ್ಪ ಮೀನ ಯಾಕ ಸತ್ತಿಲ್ಲ? ಸೇಠಜೀ ಹಂಗ ಅಡ್ಡಾಡಾಕತ್ತಾವ."

"ನೀವು ಮೊದಲ್ನೇ ಸಲ ಜರ್ದಾ ಹಾಕ್ಕೊಂಡಾಗ ಏನಾಗಿತ್ರಿ?"

ಅಮೀನ ಅಗಿಯುವುದನ್ನು ನಿಲ್ಲಿಸಿದ. "ತಲಿ ತಿರುಗಿ ಮಾವನ ಮನಿ ಮೆಟ್ಟಲ ಮ್ಯಾಲ ಬಿದ್ದಿದ್ದೆ. ನಿಕಾಹದ ದಿವಸಽ."

"ಈಗ?"

ಅಮೀನ ನಿಧಾನವಾಗಿ ಮತ್ತೆ ಅಗಿಯತೊಡಗಿದ. ಕಣ್ಣು ತೊಟ್ಟಿಯ ಕಡೆ ಹೋಯಿತು, ಅಲ್ಲಿಂದ ನೆರಳಿನ ಬೋಗುಣಿಗಳ ಕಡೆ ಬಂತು.

"ಈ ಮೀನಿಗೆ ದಿನಾ ಒಂದೀಟು ಒಂದೀಟು ರೂಢಿ ಆಗ್ಯದ," ಎಂದ ಮಚ್ಚೇಂದ್ರ. "ನಿಮ್ಮ ಕೆರೀ ಮೀನು ಒಮ್ಮೆಲೇ ಅದರಾಗ ಬಿತ್ತು."

ಮಧ್ಯಾಹ್ನ ಇಳಿಯಿತು. ಯಾರೂ ಊಟದ ಮಾತೆತ್ತಲಿಲ್ಲ. ಮೊದಲ ಬೋಗುಣಿಯ ಮೀನು ಮೇಲ್ಮೈಗೆ ಬಂದು ಗಾಳಿ ಕುಡಿಯತೊಡಗಿತು. ಆಮೇಲೆ ಓರೆಯಾಗಿ ಈಜಿತು. ಆಮೇಲೆ ಈಜುವುದನ್ನು ಬಿಟ್ಟು ಅಡ್ಡ ಬಿದ್ದು ಕಿವಿರು ಅಲ್ಲಾಡಿಸಿತು. ಅದರಲ್ಲಿ ಕಷಾಯದ ಒಂದು ಹನಿಯೂ ಇರಲಿಲ್ಲ.

ಎರಡನೆಯದರಲ್ಲಿ ಕಷಾಯದಿಂದ ನೀರು ಕಂದಿತ್ತು. ಮೀನು ಮಾತ್ರ ತೇಲುತ್ತಿದ್ದ ತುಳಸಿ ಚೂರನ್ನು ಕಚ್ಚುತ್ತ, ಬಿಡುತ್ತ, ಬಾಲ ಬಡಿಯುತ್ತ ಸುತ್ತುತ್ತಿತ್ತು.

ಅಮೀನ ಮೊಣಕಾಲೂರಿ ಎರಡನ್ನೂ ಬಹಳ ಹೊತ್ತು ನೋಡಿದ. ಟೋಪಿ ತೆಗೆದು ತಲೆ ಕೆರೆದುಕೊಂಡ.

"ಅಂದ್ರ ನಾ ಒಬ್ಬ ಹೆಂಗಸಿನ್ನ ಯಾವ ಸಬೂತಿನ ಮ್ಯಾಲ ಒಳಗ ಹಾಕೀನಿ?"

"ಮಡುಗಟ್ಟಿದ ನೀರಿನ ಮ್ಯಾಲ್ರಿ."

"ನೀವು ಸ್ವಲ್ಪ ಸುಮ್ನ ಇರ್ರಿ," ಎಂದ ಅಮೀನ. ಆದರೆ ಕೋಪ ಮಚ್ಚೇಂದ್ರನ ಮೇಲಿನದಾಗಿರಲಿಲ್ಲ. "ಮೋಟಾರು ತಯಾರ ಮಾಡು!" ಎಂದು ಸಿಪಾಯಿಗೆ ಕೂಗಿದ. "ಬೀದರ ಬಸ್ಸು ಹೊಂಡೂದರಾಗ ಮುಟ್ಟಬೇಕು."

ಪೆಟ್ಟಿಗೆ ಕಟ್ಟುತ್ತಿದ್ದ ಮಚ್ಚೇಂದ್ರನ ಮುಂದೆ ಯಶೋದಾಬಾಯಿ ಬಂದು ನಿಂತಳು. ಕಂಬ ದಾಟಿ, ಅಂಗಳದಲ್ಲಿ.

"ಇವತ್ತಽ ಚೆಲ್ಲಿಬಿಡ್ಲೇನು ಆ ನೀರು?"

ಅವನು ಗಂಟು ಬಿಗಿಯುವುದನ್ನು ನಿಲ್ಲಿಸಿದ. ಹೇಳದೆ ಹೋಗಿಬಿಡಬಹುದಿತ್ತು.

"ಒಮ್ಮೆಲೇ ಚೆಲ್ಲಿ ಸಿಹಿ ನೀರು ತುಂಬಿದ್ರ ಆ ಮೀನ ಸಾಯ್ತಾವ್ರಿ. ಕೆರೀ ಮೀನಿಗೆ ಹ್ಯಾಂಗ ಆತೋ ಹಂಗಽ, ಉಲ್ಟಾ. ಸ್ವಲ್ಪ ತೆಗದು ಗಿಡಕ್ಕ ಹಾಕ್ರಿ, ಅಷ್ಟಽ ಸಿಹಿ ನೀರು ಮ್ಯಾಲ ಹಾಕ್ರಿ. ಎರಡು ದಿವಸ ಬಿಟ್ಟು ಮತ್ತ. ಕೆಸರು ತಳದಾಗಿಂದ ನಳಗಿ ಹಚ್ಚಿ ಎಳೀರಿ. ತಿನ್ನಾಕ ಕಡಿಮಿ ಹಾಕ್ರಿ. ನಡುನಡುವ ಸಾಬೂನು ಹಾಕಿ ಬ್ಯಾರೇ ಲೋಟದಾಗ ನೋಡ್ರಿ. ನೊರೆ ನಿಲ್ಲಾಕ ಹತ್ತಿತು ಅಂದ್ರ ತಿಳೀರಿ, ದಾರಿಗೆ ಬಂತು ಅಂತ."

"ಅಲ್ಲೀತನಕ ನೀವು ಮುಟ್ಟಿದ ನೀರು ಮನಿಯೊಳಗಽ ಇರಬೇಕು."

"ಹೌದ್ರಿ."

ಅವಳು ತೊಟ್ಟಿಯ ಕಡೆ ನೋಡಲಿಲ್ಲ. ಅವನ ಕೈ ನೋಡಿದಳು, ಒಣಗಿದ ಸುಣ್ಣದಿಂದ ಬೂದಿ ಬಳಿದಂತಿದ್ದ ಮೊಣಕೈವರೆಗಿನ ಕೈ.

"ಇರಲಿ," ಎಂದಳು. "ಗಿಡಕ್ಕ ಹಾಕಬೇಕು ಅಂದ್ರಿ. ಅವರು ಹಚ್ಚಿದ ಮಲ್ಲಿಗಿ ಬಳ್ಳಿ ಅದ. ಅದಕ್ಕ ಹಾಕ್ತೀನಿ."

ಮಚ್ಚೇಂದ್ರ ಗಂಟು ಬಿಗಿದ. ಪೆಟ್ಟಿಗೆ ಎತ್ತಿಕೊಂಡ. ಆಗಲೇ ಅವನಿಗೆ ಹೊಳೆದದ್ದು, ಜೋಕಾಲಿ ಖಾಲಿಯಾಗಿದೆ ಎಂದು.

"ದತ್ತಾತ್ರಿಯವರು ಎಲ್ಲಿ?"

"ನಿಮ್ಮ ಕಾಗದ ಸುರ್ ಅಂದಾಗ ಇಲ್ಲೇ ಇದ್ದ," ಎಂದಳು ಅವಳು. "ಆಮ್ಯಾಲ ಕುದರಿಗೆ ಜೀನ ಹಾಕ್ಕೊಂಡು ಹೋದ. ಎಲ್ಲಿಗೆ ಅಂತ ಕೇಳಿದ್ರ, ತಪ್ಪು ತಿದ್ದಾಕ ಅಂದ."

ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಠಾಣೆಯ ಮೋಟಾರಿನ ಬೆನ್ನಿಗೆ ಗ್ಯಾಸು ಹುಟ್ಟಿಸುವ ಇದ್ದಿಲಿನ ಕುಲುಮೆಯೊಂದನ್ನು ಕಟ್ಟಿದ್ದರು. ಏರು ಬಂದರೆ ಸಿಪಾಯಿ ಇಳಿದು ಪಂಖಾ ತಿರುಗಿಸಿ ಬೆಂಕಿ ಎಬ್ಬಿಸಬೇಕು. ಕಲ್ಯಾಣಿಯಿಂದ ಹುಮನಾಬಾದಿನವರೆಗೆ ಅಮೀನ ಆ ಕುಲುಮೆಯನ್ನೂ, ಜರ್ಮನರನ್ನೂ, ತನ್ನನ್ನೂ ಸರದಿಯ ಮೇಲೆ ಬೈಯುತ್ತ ಬಂದ. ಮಚ್ಚೇಂದ್ರ ಕೇಳಿಸಿಕೊಳ್ಳುತ್ತಿರಲಿಲ್ಲ. ಅವನ ತಲೆಯಲ್ಲಿ ಒಂದೇ ಪ್ರಶ್ನೆ. ಹಂಡೆಯ ನೀರು ಸೋಮಾರಿತನಕ್ಕೆ ತಂದದ್ದಲ್ಲ. ಹಂಡೆ ಇರುವುದು ಅಡುಗೆಮನೆಯ ಒಳಗೆ, ತೊಟ್ಟಿಯೇ ಅದಕ್ಕಿಂತ ಹತ್ತಿರ. ಗಯಾಬಾಯಿ ಬೀದರಕ್ಕೆ ಹೋಗಲೇಬೇಕೆಂದು ದತ್ತಾತ್ರಿಗೆ ಯಾಕೆ ಅಷ್ಟು ಆತುರ?

ಊರೊಳಗೆ ಬರುವಾಗ ಹೊತ್ತು ಮುಳುಗುತ್ತಿತ್ತು. ಠಾಣೆಯ ಎದುರಿಗೆ ಬೀದರದ ಬಸ್ಸು ಇನ್ನೂ ಹೊಗೆ ಕಾರುತ್ತ ನಿಂತಿತ್ತು. ಮಚ್ಚೇಂದ್ರ ನಿಟ್ಟುಸಿರು ಬಿಟ್ಟ. ಬಿಟ್ಟ ಉಸಿರು ಪೂರ್ತಿ ಹೊರಬರುವ ಮೊದಲೇ ಹುಣಸೆ ಮರಕ್ಕೆ ಕಟ್ಟಿದ್ದ ಕುದುರೆ ಕಂಡಿತು. ಅದರ ಪಕ್ಕೆಗಳು ಬೆವರಿನಿಂದ ಹೊಳೆಯುತ್ತಿದ್ದವು.

ದತ್ತಾತ್ರಿ ಠಾಣೆಯ ಬೆಂಚಿನ ಮೇಲೆ ಕೂತಿದ್ದ. ಅವರನ್ನು ಕಂಡು ಎದ್ದು ಕೈ ಮುಗಿದ. ಮಚ್ಚೇಂದ್ರನಿಗೂ ಮುಗಿದ.

"ನನ್ನದಽ ತಪ್ಪಾತ್ರಿ, ಇನ್ಸ್‌ಪೆಕ್ಟರ ಸಾಹೇಬ್ರ. ಕಾಗದ ಕಿಡಿ ಹಾರಿಸಿದಾಗಽ ತಿಳೀತು. ಆಕಿ ನಿರಪರಾಧಿ. ಮನಿ ಹೆಣ್ಣುಮಗಳು ಇಂಥಾ ಜಾಗಾದಾಗ ಇನ್ನೊಂದು ಗಳಿಗಿ ಇರಬಾರದು ಅಂತ ಓಡಿ ಬಂದೆ. ಗಾಡಿ ಗೊತ್ತು ಮಾಡೀನಿ. ಕರಕೊಂಡು ಹೋಗ್ತೀನಿ."

ಮರದಡಿ ಒಂದು ಕಮಾನು ಗಾಡಿ ನಿಂತಿತ್ತು. ಹೊಸದಾಗಿ ಹುಲ್ಲು ಹಾಸಿ, ಮೇಲೆ ಜಮಖಾನೆ ಹಾಕಿದ್ದ.

"ಇದು ಇನ್ಸಾಫಿನ ಮಾತು," ಎಂದ ಅಮೀನ. ತಪ್ಪು ಇಷ್ಟು ಸುಲಭವಾಗಿ ತಿದ್ದಿಹೋಗುತ್ತದೆಂದರೆ ಅವನಿಗೂ ಹಗುರ. ಕೀಲಿಕೈ ತೆಗೆದುಕೊಂಡು ಒಳಗೆ ನಡೆದ.

ಗಯಾಬಾಯಿ ಕಂಬಿಗಳ ಹಿಂದೆ ಗೋಡೆಗೊರಗಿ ಕೂತಿದ್ದಳು. ನರೆತ ತಲೆ, ಒಲೆಯ ಮುಂದೆಯೇ ಕಳೆದ ಆಯುಷ್ಯದ ಒರಟು ಕೈಗಳು. ಬೀಗ ತೆರೆಯುವ ಸದ್ದಿಗೆ ಕೈಯೂರಿ ಎದ್ದಳು. ಬೀದರದ ಕರೆ ಎಂದುಕೊಂಡಿರಬೇಕು.

"ಬಾರವ್ವಾ, ಹೊರಗ ಬಾ," ಎಂದ ಅಮೀನ. "ನಿನ್ನ ಕಷಾಯದಾಗ ಏನೂ ಇದ್ದಿಲ್ಲ. ನಿನ್ನ ಮ್ಯಾಲ ಗುನ್ಹೇ ಇಲ್ಲ."

ಅವಳು ನಂಬಲಿಲ್ಲ. ಮಚ್ಚೇಂದ್ರನ ಮುಖ ನೋಡಿದಳು. ಅವನು ತಲೆ ಆಡಿಸಿದ. ಆಗ ಅವಳ ಮುಖ ಒಮ್ಮೆಲೇ ಕುಸಿದು, ಮತ್ತೆ ಅರಳಿತು. "ನಮ್ಮಪ್ಪಾ," ಎಂದಳು ಅವನಿಗೆ, "ನಿನ್ನ ಹೊಟ್ಟಿ ತಣ್ಣಗಿರಲಿ." ಸೆರಗು ಸರಿಪಡಿಸಿಕೊಂಡು ಹೊಸ್ತಿಲು ದಾಟಲು ಕಾಲೆತ್ತಿದಳು.

"ನಡೀ ಗಯಾಕ್ಕ," ಎಂದಿತು ಹಿಂದಿನಿಂದ ಒಂದು ಮೆತ್ತನೆಯ ದನಿ. "ಕರಿಯಾಕ ನಾನಽ ಬಂದೀನಿ. ನಿನಗಂತಽ ಗಾಡಿ ತಂದೀನಿ."

ಎತ್ತಿದ ಕಾಲು ಹಿಂದಕ್ಕೆ ಹೋಯಿತು.

ಆ ಮುಖದಿಂದ ರಕ್ತ ಇಳಿದುಹೋದದ್ದನ್ನು ಮಚ್ಚೇಂದ್ರ ಕಣ್ಣಾರೆ ಕಂಡ. ಈ ಕಂಬಿಗಳ ಹಿಂದೆ, ಮರಣದ ಭಯದಲ್ಲಿ ಕೂತಿದ್ದಾಗಲೂ ಅವಳ ಮುಖ ಹಾಗಿರಲಿಲ್ಲ.

"ಬೀದರ ಬಸ್ಸು ಹೋತೇನ್ರಿ, ಸಾಬ್?" ಎಂದು ಕೇಳಿದಳು.

"ಇಲ್ಲ, ನಿಂತದ. ಯಾಕ?"

"ನನ್ನ ಅದರಾಗ ಹತ್ತಸ್ರಿ."

"ಹುಚ್ಚು ಹಿಡದದೇನು? ನಿನ್ನ ಮನಿಗೆ ಕಳಸಾಕತ್ತೀವಿ."

"ಬರಕೋರಿ ಸಾಬ್." ಅವಳು ಸೆರಗನ್ನು ಸೊಂಟಕ್ಕೆ ಬಿಗಿದಳು, ದೊಡ್ಡ ಕೆಲಸಕ್ಕೆ ಕೈ ಹಾಕುವ ಮುನ್ನ ಬಿಗಿಯುವ ಹಾಗೆ. "ಹಿರೇ ಆಯೀಸಾಬ್ರ ಕಷಾಯದಾಗ ವಿಷ ಹಾಕಿದಾಕಿ ನಾನಽ."

ಅಮೀನನ ಬಾಯಿಂದ ಪಾನು ಜಾರಿತು. ಆ ಕಷಾಯದಲ್ಲಿ ಕೆರೆಯ ಮೀನು ಬಾಲ ಬಡಿಯುತ್ತ ಸುತ್ತಿದ್ದನ್ನು ಇಬ್ಬರೂ ತಾಸುಗಟ್ಟಲೆ ನೋಡಿ ಬಂದಿದ್ದರು.

"ಸುಳ್ಳು!"

ಕೂಗಿದವನು ಅಮೀನನಲ್ಲ, ಮಚ್ಚೇಂದ್ರನೂ ಅಲ್ಲ. ಬೆಳಿಗ್ಗೆ ಇವಳನ್ನು ಗಲ್ಲಿಗೆ ಕಳಿಸಲು ಹಂಡೆಯ ನೀರು ಹೊತ್ತು ತಂದವನು ಈಗ ಇಸ್ತ್ರಿಯ ಅಂಗಿಗೆ ಬೆವರು ಇಳಿಯುತ್ತ, ಇಬ್ಬರನ್ನೂ ತಳ್ಳಿಕೊಂಡು ಮುಂದೆ ಬಂದಿದ್ದ. "ಸುಳ್ಳು ಹೇಳಾಕತ್ತಾಳ, ಬರಕೋಬ್ಯಾಡ್ರಿ! ಆಕಿ ಏನೂ ಮಾಡಿಲ್ಲ! ಬಿಡ್ರಿ ಆಕಿನ್ನ, ನನ್ನ ಜೋಡಿ ಕಳಸ್ರಿ!"

ಗಯಾಬಾಯಿ ಅವನತ್ತ ನೋಡಲಿಲ್ಲ. ಎರಡೂ ಕೈಯಿಂದ ಕಂಬಿಯ ಬಾಗಿಲನ್ನು ಹಿಡಿದು, ಒಳಗಿನಿಂದ ತಾನೇ ಎಳೆದು ಮುಚ್ಚಿಕೊಂಡಳು.

"ಕೀಲಿ ಹಾಕ್ರಿ ಸಾಬ್," ಎಂದಳು. "ಜಲ್ದಿ ಹಾಕ್ರಿ."